ಕೊಗ್ಗಿ

ಹಗರಿಯ ಈ ದಡದಲ್ಲಿ ಆಷಾಢವೆಂದರೆ
ಗಂಗಾಳಕ್ಕೆ ಮುಚ್ಚಳ ಹಾಕಿ ಉಣ್ಣುವ ತಿಂಗಳು.
ತುತ್ತಿಗೊಮ್ಮೆ ತೆರೆದು, ತುತ್ತಿಗೊಮ್ಮೆ ಮುಚ್ಚಿ.
ಆದರೂ ಹಲ್ಲಿನ ನಡುವೆ ಕರಕ್ ಅನ್ನುತ್ತದೆ ಒಂದು ಹರಳು.
ಬತ್ತಿದ ಮೇಲೂ ಹೊಳೆ
ಊರೊಳಗೆ ಬರುವುದು ಬಿಟ್ಟಿಲ್ಲ,
ಗಾಳಿಯ ಹೆಗಲ ಮೇಲೆ ಕೂತು ಬರುತ್ತದೆ, ಅಷ್ಟೆ.

ನಾನು ಮಸ್ಟರ್ ಬರೆಯುವವನು.
ಬರೆಯುವುದು ತೆಲುಗಿನಲ್ಲಿ, ಕೂಗುವುದು ಕನ್ನಡದಲ್ಲಿ:
ಹುಸೇನಮ್ಮಾ, ಉರುಕುಂದೀ, ಪೆನ್ನೋಬಳೀ,
ಬರ್‍ರಿ, ಹೆಬ್ಬೆಟ್ಟು ಒತ್ರಿ.

ಬೊಮ್ಮನಹಾಳಿನ ಕಡೆಯಿಂದ ಲಾರಿ ಬಂತು.
ಆರು ಸಾವಿರ ಸಸಿ,
ಕರಿಯ ಚೀಲಗಳಲ್ಲಿ ತಮ್ಮ ತಮ್ಮ ಕೆಮ್ಮಣ್ಣು ಕಟ್ಟಿಕೊಂಡು,
ಬುತ್ತಿ ಹಿಡಿದು ಬಂದ ಪರದೇಶಿಗಳ ಹಾಗೆ.
ಜೊತೆಗೆ ಒಂದು ಹಲಗೆ:
ಮರಳು ತಡೆ ತೋಪು, ಹನ್ನೆರಡು ಹೆಕ್ಟೇರು.

ಗುಂಡಿ ತೋಡುವ ಮುಂಚೆ ನೆಲ ಚೊಕ್ಕ ಆಗಬೇಕು.
ನೆಲದಲ್ಲಿ ಇದ್ದದ್ದು ಕೊಗ್ಗಿ ಒಂದೇ.
ಮೊಣಕಾಲೆತ್ತರ, ಬೂದಿ ಮೆತ್ತಿದಂಥ ಎಲೆ,
ಹುರುಳಿಗೂ ತೊಗರಿಗೂ ನಂಟು ಅಂತಾರೆ,
ಮದುವೆಗೆ ಹೇಳಿ ಕಳಿಸದ ನಂಟು.
ಹೂವು ಕಿರುಬೆರಳಿನ ಉಗುರಿನಷ್ಟು.
ಬಿಸಿಲು ಏರಿದರೆ ಅದೂ ಕಾಣುವುದಿಲ್ಲ.

"ಇದ್ನ್ಯಾಕ ಕೀಳಬೇಕು?"
ಹುಸೇನಮ್ಮ ಸೊಂಟ ನೆಟ್ಟಗೆ ಮಾಡಿ ಕೇಳಿದಳು.
"ಎಸ್ಟಿಮೇಟಿನಾಗ ಐತಿ" ಅಂದೆ.
ಬೇರೆ ಕಾರಣ ನನ್ನ ಹತ್ತಿರ ಇರಲಿಲ್ಲ.

ಅವಳು ಒಂದನ್ನು ಕಿತ್ತಳು,
ಅಂದರೆ ಕೀಳಲು ಕೂತಳು.
ಗೇಣು ತೋಡಿದಳು. ಮೊಳ ತೋಡಿದಳು.
ಭುಜದವರೆಗೆ ಕೈ ಇಳಿಸಿದಾಗ
ಕೆಳಗೆ ಮರಳು ತಣ್ಣಗೆ, ಕಪ್ಪಗೆ.
ಬೇರು ಅಲ್ಲಿಂದಲೂ ಮುಂದೆ ಹೊರಟಿತ್ತು,
ನಾವೆಲ್ಲ ಮರೆತ ಹೊಳೆಯ ಮನೆ ಕೇಳಿಕೊಂಡು.
"ಇದರ ಸಂಗಾಟ ಕೂತರೆ ನನಗೆ ಕೂಲಿ ಗಿಟ್ಟಲ್ಲ"
ಅಂದು, ಕುಡುಗೋಲಿನಿಂದ ಮೇಲಷ್ಟೇ ಸವರಿದಳು.
ಅವಳನ್ನು ನೋಡಿ ಉಳಿದವರೂ.
ನಾನು ಬರೆದೆ: ಬೇರು ಸಮೇತ.

ಉಣ್ಣುವ ಹೊತ್ತಿನಲ್ಲಿ, ಮುಚ್ಚಳದ ಮೇಲೆ ಕೈ ಇಟ್ಟುಕೊಂಡೇ,
ಒಂದು ಎಲೆ ಕೊಟ್ಟಳು: ತುದಿ ಹಿಡಿದು ಜಗ್ಗು.
ಅದು ನೆಟ್ಟಗೆ ಹರಿಯುವುದಿಲ್ಲ.
ಬಾಣದ ಬಾಲದ ಹಾಗೆ ಕವಲಾಗಿ ಬಿಡುತ್ತದೆ.
ಇನ್ನೊಂದು ಜಗ್ಗಿದೆ. ಓರೆಯಾಗಿ ಜಗ್ಗಿದೆ.
ಮೋಸ ಮಾಡಲು ನೋಡಿದೆ.
ಹತ್ತು ಎಲೆಗೂ ಹತ್ತು ಬಾಣ.
ಪಂಡಿತರ ಬಾಯಲ್ಲಿ ಶರಪುಂಖ, ಆಫೀಸಿನಲ್ಲಿ ವೆಂಪಲಿ.
ಅವಳ ಮಗನ ಹೊಟ್ಟೆ ಕಲ್ಲಾಗಿ ಊದಿದ ವರ್ಷ
ಬೇರು ತೇದು ಮಜ್ಜಿಗೆಯಲ್ಲಿ ಕುಡಿಸಿದ್ದಳಂತೆ.
ಉಳಿದನೇ ಎಂದು ನಾನು ಕೇಳಲಿಲ್ಲ.
ಅವಳು ಮುಚ್ಚಳ ತೆರೆದು ಇನ್ನೊಂದು ತುತ್ತು ಉಂಡಳು.

ಮರುವರ್ಷ ಎಣಿಕೆಗೆ ಹೋದೆ, ಒಬ್ಬನೇ.
ಕೆಲವು ಸಸಿ ಕುತ್ತಿಗೆವರೆಗೆ ಹೂತಿದ್ದವು.
ಕೆಲವಕ್ಕೆ ಕೆಳಗಿನ ಮರಳೇ ಎದ್ದು ಹೋಗಿ
ಕರಿ ಚೀಲ ಸಮೇತ ಬೇರು ಜೋತಾಡುತ್ತಿತ್ತು.
ಯಾರೋ ಅವಸರದಲ್ಲಿ ಚೀಲ ಹರಿಯದೆ ನೆಟ್ಟಿದ್ದರು.
ಅದನ್ನೂ ನಾನು ಬರೆದಿರಲಿಲ್ಲ.
ಹಲಗೆ ಮಾತ್ರ ಗಟ್ಟಿ.

ಮತ್ತೆ ಸವರಿದ ಪ್ರತಿ ಬುಡದಲ್ಲೂ ಕೊಗ್ಗಿ.
ಒಂದೊಂದರ ಬೆನ್ನಿಗೂ ಮಾರುದ್ದ ಮರಳಿನ ಬಾಲ,
ಪಡುವಣ ಗಾಳಿ ಎಸೆಯಲು ಹೋಗಿ
ಕೈಜಾರಿ ಬಿಟ್ಟದ್ದು,
ಎಲ್ಲವೂ ಮೂಡಲಿಗೆ, ಊರಿನ ಕಡೆಗೆ ಚಾಚಿ.
ಆದರೆ ಅಲ್ಲೇ ನಿಂತಿದ್ದವು. ಊರಿಗೆ ಬಂದಿರಲಿಲ್ಲ.

ಬೆಳಗಿನ ತಂಪಿನಲ್ಲಿ ದಿಬ್ಬದ ತುಂಬ ಹೂವು,
ಮಸ್ಟರಿನ ಪ್ಯಾಡಿನ ಅದೇ ನೇರಳೆ.
ಯಾರೂ ಹೆಸರು ಕೂಗಿರಲಿಲ್ಲ,
ಬಂದು ಹೆಬ್ಬೆಟ್ಟು ಒತ್ತಿ ಹೋಗಿದ್ದರು.

ಹುಸೇನಮ್ಮ ಆಗ ಇಲ್ಲಿ ಇರಲಿಲ್ಲ,
ಕಂಪ್ಲಿಯ ಕಡೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದಳು.
ಹನ್ನೊಂದು ದಿನದ ಕೂಲಿ ಅವಳ ಹೆಸರಲ್ಲಿ ಇನ್ನೂ ಬಾಕಿ.

ಹಾಳೆಯಲ್ಲಿ ಒಂದೇ ಮನೆ ಖಾಲಿ: ಬದುಕಿರುವ ಗಿಡ.
ಪೆನ್ನಿನ ಮೂತಿಗೂ ಮರಳು ಕೂತು ಬರೆಯದಾಯಿತು.
ಒರೆಸಿಕೊಳ್ಳುತ್ತ ನಿಂತೆ.
ಬಿಸಿಲು ಏರಿತು.
ಕಾಲ ಬುಡದಲ್ಲಿ ಒಣಗಿದ ಕಾಯೊಂದು ತಿರುಚಿಕೊಂಡು
ಚಟ್ ಎಂದಿತು;
ಎಲ್ಲಿ ಬಿತ್ತೋ ಬೀಜ,
ನೋಡುವಷ್ಟರಲ್ಲಿ ಗಾಳಿ ಮುಚ್ಚಿತ್ತು.